ಶಶಶಿಶು ಮೀಮಾಂಸೆ

ಶಾಸ್ತ್ರಗ್ರಂಥಕ್ಕೆ ನಾಲ್ಕು ಅನುಬಂಧಗಳಿರಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ: ಬಯಲುಸೀಮೆಯ ರಾಗಿ ಹೊಲದಲ್ಲಿ ಕಳೆ ಕೀಳುವಾಗ ಸಿಕ್ಕ ಕಾಡುಮೊಲದ ಮರಿ. ಪ್ರಯೋಜನ: ಅದರ ಪ್ರಾಣ ಉಳಿಯುವುದು. ಅಧಿಕಾರಿ: ಕರುಣೆ ಉಕ್ಕುವ, ಕೈಯಲ್ಲಿ ಮೊಬೈಲ್ ಇರುವ ಯಾರಾದರೂ. ಸಂಬಂಧ: ಅಧಿಕಾರಿಗೂ ಮರಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಮರೆತವರಿಗಾಗಿಯೇ ಈ ಗ್ರಂಥ.

ಪೂರ್ವಪಕ್ಷ: ಮರಿ ಒಂಟಿಯಾಗಿದೆ. ಒಂಟಿಯಾಗಿರುವುದೆಲ್ಲ ಅನಾಥ. ಆದ್ದರಿಂದ ಮರಿ ಅನಾಥ. ಅನಾಥಕ್ಕೆ ಪ್ಯಾಕೆಟ್ ಹಾಲು, ಕ್ಯಾರೆಟ್ ಚೂರು, ಮುದ್ದಾದ ಹೆಸರು ವಿಹಿತ. ಪ್ರಮಾಣ: ವಾಟ್ಸಾಪ್.

ಸಿದ್ಧಾಂತ: ಹೇತುವೇ ದುಷ್ಟ. ಬಸ್‌ಸ್ಟ್ಯಾಂಡಿನಲ್ಲಿ ಪ್ರೊಫೆಸರೂ ಒಂಟಿಯಾಗಿಯೇ ಕೂತಿರುತ್ತಾರೆ. ಅವರನ್ನು ಯಾರೂ ಎತ್ತಿಕೊಂಡು ಹೋಗಿ ಹಾಲು ಕುಡಿಸುವುದಿಲ್ಲ. ನಮ್ಮ ಕಾಡುಮೊಲ ಬಿಲ ತೋಡುವ ಜಾತಿಯಲ್ಲ. ಮರಿ ಹುಟ್ಟುವಾಗಲೇ ಮೈತುಂಬ ರೋಮ, ತೆರೆದ ಕಣ್ಣು. ತಾಯಿ ಪಕ್ಕದಲ್ಲೇ ಕೂತರೆ ಅದರ ವಾಸನೆ ಹಿಡಿದು ನರಿ, ನಾಯಿ ಬರುತ್ತವೆ. ಅದಕ್ಕೇ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು, ಕೆಲವೇ ನಿಮಿಷ ಹಾಲೂಡಿ ಹೊರಡುತ್ತದೆ. ಜಿಡ್ಡು ತುಂಬಿದ ಆ ಹಾಲಿನ ಬಲದಲ್ಲಿ ಮರಿ ಹುಲ್ಲಿನ ಬುಡದಲ್ಲಿ ಕಿವಿ ಮಡಚಿ, ಅಲುಗಾಡದೆ ಕೂರುತ್ತದೆ. ಅನಾಥ ಮರಿ ಎಂಬುದು ಬಹುಮಟ್ಟಿಗೆ ತಾರ್ಕಿಕರ ಮೊಲದ ಕೊಂಬು: ವಾದದಲ್ಲಿ ಉಂಟು, ಹೊಲದಲ್ಲಿ ಇಲ್ಲ. ಹಸುವಿನ ಹಾಲಿಗೆ ಅದರ ಹೊಟ್ಟೆ ಕೆಡುತ್ತದೆ. ಮುದ್ದಿಸುವ ಕೈಗೆ ಹೆದರಿಯೇ ಜೀವ ಬಿಡಬಹುದು.

ವಿಧಿ: ಮುಟ್ಟದಿರುವುದು ಉತ್ತಮ. ಮುಟ್ಟಿದ್ದರೆ ಇದ್ದಲ್ಲೇ ಇಡುವುದು ಮಧ್ಯಮ. ಮನುಷ್ಯನ ವಾಸನೆ ಹತ್ತಿತೆಂದು ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಎಂಬುದು ಬರೀ ಕಟ್ಟುಮಾತು. ಮನೆಗೊಯ್ಯುವುದು ಅಧಮ, ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಂಬ ಭಾಷ್ಯವಿದೆ, ಅರಣ್ಯ ಇಲಾಖೆಯವರು ಅದನ್ನು ಬಿಡಿಸಿ ಹೇಳುತ್ತಾರೆ. ಟ್ರ್ಯಾಕ್ಟರ್ ಬರುವ ದಾರಿಯಲ್ಲಿದ್ದರೆ ಹತ್ತಿರದ ಬದುವಿನ ಹುಲ್ಲಿಗೆ ಸರಿಸಬಹುದು.

ಅಪವಾದ: ರಕ್ತ, ಮುರಿದ ಕಾಲು, ಇರುವೆ ಮುತ್ತಿದ ಮೈ, ನಾಯಿಯ ಹಲ್ಲಿನ ಗುರುತು, ಪಕ್ಕದಲ್ಲಿ ಸತ್ತ ತಾಯಿ. ಆಗ ಗಾಳಿಯಾಡುವ ರಟ್ಟಿನ ಡಬ್ಬಿ, ಅದರಲ್ಲಿ ಮೆತ್ತನೆಯ ಬಟ್ಟೆ. ಬಾಯಿಗೆ ಏನೂ ಹಾಕದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡತಕ್ಕದ್ದು.

ಇಷ್ಟಾದರೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪಂಡಿತರಿಗೆ ಒಂದೇ ಉತ್ತರ: ಹಿಡಿಯದೆ ಬಿಟ್ಟ ಮೊಲಕ್ಕೆ ನಾಲ್ಕೂ ಇರುತ್ತವೆ. ದಯವಿಟ್ಟು ನಾಯಿಯನ್ನು ಕಟ್ಟಿಹಾಕಿ, ಫೋಟೊಗೂ ನಿಲ್ಲದೆ ಮನೆಗೆ ಹೋಗಿ.