ಲವಂಗಪ್ಪನವರ ದವಡೆ

ನಮ್ಮ ಓಣಿಯ ಲವಂಗಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಅದೀಗ ಪಿಂಚಣಿ ಪುಸ್ತಕದಲ್ಲಿ, ಕರೆಂಟ್ ಬಿಲ್ಲಿನಲ್ಲಿ ಮಾತ್ರ ಉಳಿದುಕೊಂಡಿದೆ. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಒಂದು ಪುಟ್ಟ ತಗಡಿನ ಡಬ್ಬಿ; ಒಂದು ಕಾಲಕ್ಕೆ ಅದರಲ್ಲಿ ನಶ್ಯ ಇರುತ್ತಿತ್ತು, ಈಗ ಲವಂಗ. ಎದುರಿಗೆ ಸಿಕ್ಕವರು ಕ್ಷೇಮ ಕೇಳಿದರೆ ಮೊದಲು ನಾಲಗೆಯಿಂದ ಲವಂಗವನ್ನು ಬಲದವಡೆಯ ಮೂಲೆಗೆ ಸರಿಸಿ, ಅದು ಅಲ್ಲಿ ಕೂತಿತೆಂದು ಖಾತ್ರಿಯಾದ ಮೇಲೆ, "ಎಲ್ಲಾ ಚೊಲೋ ಐತ್ರಿ, ಶೊಲ್ಪ ಹಲ್ಲು" ಎನ್ನುತ್ತಾರೆ. ಆ "ಶೊಲ್ಪ"ಕ್ಕೆ ವರ್ಷಗಳೇ ಆಗಿವೆ.

ಇದು ನಡೆಯುವುದು ದಾವಣಗೆರೆಯಲ್ಲಿ ಎಂಬುದೇ ತಮಾಷೆ. ಈ ಊರಲ್ಲಿ ದಂತ ವೈದ್ಯಕೀಯ ಕಾಲೇಜುಗಳು ಎರಡಿವೆ. ಬಾಪೂಜಿಯವರದು 1979ರಿಂದ ನಡೆದುಬಂದಿದೆ. ಬೆಳಿಗ್ಗೆ ಬೆಣ್ಣೆದೋಸೆಗೆ ಕಾದು ನಿಂತರೆ ಮುಂದೊಬ್ಬ, ಹಿಂದಿಬ್ಬರು ಬಿಳಿ ಕೋಟಿನ ಹುಡುಗರು ಇದ್ದೇ ಇರುತ್ತಾರೆ. ಸಾಯಂಕಾಲ ಮಂಡಕ್ಕಿ-ಮಿರ್ಚಿ ಅಂಗಡಿಯಲ್ಲೂ ಅವರೇ. ಅವರ ನಡುವೆಯೇ ನಮ್ಮ ಲವಂಗಪ್ಪನವರು ಮಿರ್ಚಿಯನ್ನು ಎಡಗಡೆಯಿಂದ ಕಚ್ಚಿ, ಮಂಡಕ್ಕಿಯೊಳಗಿನ ಪುಟಾಣಿಯನ್ನು ಒಂದೊಂದಾಗಿ ಆರಿಸಿ ಪೊಟ್ಟಣದ ಅಂಚಿಗೆ ಇಡುತ್ತಾ, ಬಲಗೆನ್ನೆಯ ಮೇಲೆ ಅಂಗೈ ಊರಿಕೊಂಡು ನಿಂತಿರುತ್ತಾರೆ. ಯಾರೂ ತಮ್ಮನ್ನು ನೋಡುತ್ತಿಲ್ಲವೆಂದು ಅವರ ನಂಬಿಕೆ. ಪಾಪ, ಆ ಹುಡುಗರು ನೋಡುವುದೇ ಅದನ್ನು.

ಅವರಲ್ಲೂ ಹೆಚ್ಚು ಆಸೆಯಿಂದ ನೋಡುವವಳು ಪಕ್ಕದ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿರುವ ಎಂ.ಡಿ.ಎಸ್. ಹುಡುಗಿ. ಅವಳ ಓದು ರೂಟ್ ಕೆನಾಲಿನ ವಿಭಾಗದ್ದು. ಪರೀಕ್ಷೆಗೆ ಕೂರುವ ಮೊದಲು ಇಂತಿಷ್ಟು ದವಡೆ ಹಲ್ಲುಗಳ ಕೇಸು ಮಾಡಿ ಮುಗಿಸಿದ್ದೇನೆಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಳ್ಳಬೇಕಂತೆ. ಗೋಡೆಯಾಚೆಗೇ ಅಷ್ಟು ಫಲವತ್ತಾದ ದವಡೆ ಇದ್ದೂ ಕೈಗೆ ಸಿಗದಿದ್ದರೆ ಯಾರಿಗೆ ಸಂಕಟವಾಗದು?

"ಅಜ್ಜಾ, ಒಂದ್ಸಲ ಬಾಯಿ ತೆಗೀರಿ, ನೋಡ್ತೀನಿ."

"ತೆಗ್ಯಾಕೆ ನಂದೇನು ತಕರಾರಿಲ್ಲವ್ವಾ. ಮುಚ್ಚಾಕೆ ಬಿಡ್ತೀರೋ ಇಲ್ಲೋ ಅಂತ."

ಹಲ್ಲಿನ ಡಾಕ್ಟರ ಬಳಿ ಹೋಗದಿರುವುದಕ್ಕೆ ಲವಂಗಪ್ಪನವರಲ್ಲಿ ಕಾರಣಗಳು ಸಿದ್ಧವಾಗಿವೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿನ ನರ ಹೋಗುತ್ತದೆ ಎಂಬುದು ಮೊದಲನೆಯದು. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ ಎಂದರೆ ಅವರು ತಮ್ಮ ಷಡ್ಡಕರ ಉದಾಹರಣೆ ಕೊಡುತ್ತಾರೆ. ಷಡ್ಡಕರಿಗೆ ಹಲ್ಲು ಕೀಳಿಸಿದ ವರ್ಷವೇ ಪೊರೆ ಬಂತು. ಎಪ್ಪತ್ತರ ಹೊತ್ತಿಗೆ ಹಲ್ಲೂ ಹೋಗುತ್ತದೆ, ಪೊರೆಯೂ ಬರುತ್ತದೆ ಎಂದು ಹೇಳುವ ಧೈರ್ಯ ಓಣಿಯಲ್ಲಿ ಯಾರಿಗೂ ಇಲ್ಲ, ಅವರಿಗೂ ಅರವತ್ತೊಂಬತ್ತು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದು ಇನ್ನೊಂದು. ವಸಡಿನ ಸುತ್ತ ಕಲ್ಲಿನಂತೆ ಕಟ್ಟಿಕೊಂಡ ಪಾಚಿಯೇ ಹಲ್ಲನ್ನು ಹಿಡಿದಿಟ್ಟಿದೆ ಎಂದು ಅವರ ಸಿದ್ಧಾಂತ. ವಸಡು ಕರಗಿ ಹಲ್ಲು ಅಲ್ಲಾಡುವುದು ಆ ಪಾಚಿಯಿಂದಲೇ, ಸಕ್ಕರೆ ಕಾಯಿಲೆ ಇದ್ದವರಿಗೆ ಇನ್ನೂ ಬೇಗ ಎಂದು ಹುಡುಗಿ ಕಾಂಪೌಂಡ್ ಮೇಲೆ ಬಗ್ಗಿ ಹೇಳಿದಾಗ, ಅಜ್ಜ ತಮ್ಮ ಶುಗರ್ ರಿಪೋರ್ಟಿನ ಬಗ್ಗೆ ಇವಳಿಗೆ ಹೇಳಿದವರು ಯಾರೆಂದು ಮನೆಯಾಕೆಯ ಕಡೆ ತಿರುಗಿದರು.

ಹಗಲು ಲವಂಗ ನಡೆಸಿಕೊಡುತ್ತದೆ. ನಡೆಸಿಕೊಡದೆ ಏನು, ಅದರೊಳಗಿನ ಯೂಜಿನಾಲ್ ಎಂಬ ಎಣ್ಣೆಗೆ ಜೋಮು ಹಿಡಿಸುವ ಗುಣ ನಿಜವಾಗಿಯೂ ಇದೆ. ತೊಂದರೆಯೆಲ್ಲ ರಾತ್ರಿಯದು. ಮಲಗಿದೊಡನೆ ತಲೆಯ ಕಡೆ ರಕ್ತದ ಒತ್ತಡ ಏರಿ, ಹುಳುಕು ಹಲ್ಲಿನೊಳಗಿನ ಊತಕ್ಕೆ ಜಾಗ ಸಾಲದೆ ಮಿಡಿಯತೊಡಗುತ್ತದೆ. ಆಗ ಲವಂಗಪ್ಪನವರು ಎದ್ದು ಕೂರುತ್ತಾರೆ, ಅಂಗಳಕ್ಕೆ ಬರುತ್ತಾರೆ, ತಿರುಗಾಡುತ್ತಾರೆ. ಬೆಳಗಾದರೆ ಮೊದಲ ಕೆಲಸ ಆಸ್ಪತ್ರೆಯದೇ ಎಂದು ಬೀದಿನಾಯಿಯ ಎದುರಿಗೆ ಆಣೆ ಮಾಡುತ್ತಾರೆ. ಬೆಳಗಾದಾಗ ನೋವು ಅರ್ಧ ಇಳಿದಿರುತ್ತದೆ. ಇಳಿದ ನೋವಿಗೆ ಯಾರಾದರೂ ದುಡ್ಡು ಕೊಡುತ್ತಾರೆಯೇ?

ಕೊಡುವುದಾದರೆ ಮೆಡಿಕಲ್ ಶಾಪಿಗೆ. "ಹಲ್ಲಿಗೆ ಎರಡು ಹೊತ್ತಿಂದು ಕೊಡಪ್ಪಾ" ಎಂದರೆ ಅವನಿಗೆ ತಿಳಿಯುತ್ತದೆ. ನೋವಿನದೊಂದು, ಆ್ಯಂಟಿಬಯಾಟಿಕ್ ಒಂದು, ಎರಡು ಹೊತ್ತಿಗೆ ಕತ್ತರಿಸಿ ಕೊಡುತ್ತಾನೆ. ಐದು ದಿನ ತೆಗೆದುಕೊಳ್ಳಬೇಕಾದದ್ದನ್ನು ಒಂದು ದಿನಕ್ಕೆ ಮುಗಿಸಿದ್ದು ಲವಂಗಪ್ಪನವರ ಲೆಕ್ಕದಲ್ಲಿ ಉಳಿತಾಯ. ಒಮ್ಮೆ ಗುಳಿಗೆ ನುಂಗಿದರೆ ಹೊಟ್ಟೆ ಸುತ್ತಿ ಬರುವುದು ತಡವೆಂದು ಆಸ್ಪಿರಿನ್ನನ್ನು ನೇರ ವಸಡಿನ ಮೇಲೇ ಒತ್ತಿಟ್ಟುಕೊಂಡು ಮಲಗಿದರು. ಅದು ಆಮ್ಲ. ಬೆಳಿಗ್ಗೆ ಕನ್ನಡಿ ಮುಂದೆ ತುಟಿ ಎಳೆದು ನೋಡಿದರೆ ವಸಡು ಬೆಳ್ಳಗೆ ಸುಟ್ಟು, ಹಾಲಿನ ಕೆನೆಯ ಹಾಗೆ ಸಿಪ್ಪೆ ಎದ್ದಿತ್ತು. ಹಲ್ಲಿನ ನೋವು ಮರೆತುಹೋಗಿತ್ತು, ಅಷ್ಟು ಮಟ್ಟಿಗೆ ಗುಣ.

ಹರಪನಹಳ್ಳಿ ಕಡೆ ಹಲ್ಲಿನ ಹುಳ ತೆಗೆಯುವವರಿದ್ದಾರೆಂದು ಯಾರೋ ಹೇಳಿ ಅಲ್ಲಿಗೂ ಹೋಗಿಬಂದರು. ಕಾದ ಕಬ್ಬಿಣದ ಮೇಲೆ ನೆಲಗುಳ್ಳದ ಬೀಜ ಸುರಿದು, ಕೊಳವೆಯಲ್ಲಿ ಹೊಗೆಯನ್ನು ಬಾಯಿಗೆ ಹಿಡಿಸುತ್ತಾರೆ. ಆಮೇಲೆ ನೀರಿನ ಬಟ್ಟಲಲ್ಲಿ ಬಿಳಿ ಬಿಳಿಯಾಗಿ ಹುಳ ತೇಲುತ್ತವೆ. ಲವಂಗಪ್ಪನವರು ಅವನ್ನು ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಬಂದು ಓಣಿಗೆಲ್ಲ ತೋರಿಸಿದರು. ಹುಡುಗಿ ಪಿನ್ನಿನ ತುದಿಯಿಂದ ಒಂದನ್ನು ಎತ್ತಿ, "ಇದು ಬೀಜದೊಳಗಿನ ಮೊಳಕೆ ಅಜ್ಜಾ, ಬಿಸಿಗೆ ಸಿಡಿದು ಹೊರಗೆ ಬಂದೈತಿ. ಹಲ್ಲಾಗೆ ಹುಳ ಇರಂಗಿಲ್ಲ" ಎಂದಳು. ಅಜ್ಜ ಪೊಟ್ಟಣ ಮುಚ್ಚಿದರು. ಡಾಕ್ಟರಿಗೆ ಹೊಟ್ಟೆಕಿಚ್ಚು ಸಹಜ.

ಅದಾದ ಮೇಲೆ ನೋವು ತಾನಾಗಿಯೇ ನಿಂತುಹೋಯಿತು. ಬಿಸಿ ಕಾಫಿಯೂ ಇಲ್ಲ, ತಣ್ಣೀರೂ ಇಲ್ಲ, ಯಾವುದಕ್ಕೂ ಜುಮ್ಮೆನ್ನಲಿಲ್ಲ. ಲವಂಗಪ್ಪನವರು ಎದೆಯುಬ್ಬಿಸಿ ಬಲಗಡೆಯಿಂದ ಚಕ್ಕುಲಿ ಕಡಿದು ತೋರಿಸಿದರು. ನರ ಸತ್ತರೂ ನೋವು ನಿಲ್ಲುತ್ತದೆ, ಆಮೇಲೆ ಬೇರಿನ ತುದಿಯಲ್ಲಿ ಸದ್ದಿಲ್ಲದೆ ಕೀವು ಕಟ್ಟುತ್ತದೆ ಎಂಬ ಹುಡುಗಿಯ ಮಾತನ್ನು ಆ ದಿನ ಯಾರೂ ಕೇಳಿಸಿಕೊಳ್ಳಲಿಲ್ಲ. ಚಕ್ಕುಲಿ ಚೆನ್ನಾಗಿತ್ತು.

ಅವರನ್ನು ಕೊನೆಗೂ ಕಾಲೇಜಿಗೆ ಕಳಿಸಿದ್ದು ಮೊಮ್ಮಗಳ ಮದುವೆಯ ಫೋಟೋಗ್ರಾಫರ್. ಕೆನ್ನೆ ಊದಿ ಒಂದು ಕಣ್ಣು ಸಣ್ಣದಾಗಿತ್ತು. ವೇದಿಕೆಯ ಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಕ್ಯಾಮೆರಾದಿಂದ ತಲೆ ಎತ್ತಿ ಅವನು ಕೂಗಿದ: "ಯಜಮಾನ್ರೇ, ಬಾಯಾಗಿನ ಲಾಡು ನುಂಗಿಬಿಡ್ರಿ, ಆಮೇಲೆ ತೆಗೀತೀನಿ." ಬೀಗರು ನಕ್ಕರು. ಬೀಗರು ನಕ್ಕ ಮೇಲೆ ಲವಂಗದಿಂದ ಏನಾಗುತ್ತದೆ?

ಮರುದಿನ ಬೆಳಿಗ್ಗೆ ಚೀಟಿ ಮಾಡಿಸಿ ಕುರ್ಚಿಯಲ್ಲಿ ಕೂತರು. ಎಕ್ಸ್‌ರೇ ಆಯಿತು, ಕೀವಿಗೆ ದಾರಿಯಾಯಿತು, ಸಂಜೆಗೆ ಊತ ಇಳಿಯತೊಡಗಿತು. ಇನ್ನೊಂದು ದಿನ ಇಂಜೆಕ್ಷನ್ ಕೊಟ್ಟು ಬೇರಿನ ಕಾಲುವೆಗಳನ್ನು ಸಣ್ಣ ಸೂಜಿಗಳಿಂದ ತಿಕ್ಕಿ ತೊಳೆದರು. ನೋವಾಗಲಿಲ್ಲವೇ ಎಂದು ಕೇಳಿದೆ. "ನಿದ್ದಿ ಬಂದಿತ್ರಿ" ಎಂದರು, ಸ್ವಲ್ಪ ನಿರಾಶೆಯಿಂದಲೇ. ಜೋಮು ಇಳಿಯುವ ಮೊದಲೇ ಕಾಫಿ ಕುಡಿಯಲು ಹೋಗಿ ಅಂಗಿ ತೋಯಿಸಿಕೊಂಡದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಮನೆಯಾಕೆ ಹೇಳಿದರು. ಖಾಸಗಿ ಕ್ಲಿನಿಕ್ಕಿನಲ್ಲಿ ಸಾವಿರಗಳ ಲೆಕ್ಕವಾಗುತ್ತಿದ್ದ ಕೆಲಸ ಕಾಲೇಜಿನಲ್ಲಿ ಬಹಳ ಕಡಿಮೆಗೆ ಆಗುತ್ತದೆಂದು ತಿಳಿದು ಅವರಿಗೆ ಆದ ಸಂತೋಷಕ್ಕಿಂತ, ಬಿ.ಪಿ.ಎಲ್. ಕಾರ್ಡಿನ ಹಿರಿಯರಿಗೆ ದಂತ ಭಾಗ್ಯ ಯೋಜನೆಯಲ್ಲಿ ಇಡೀ ಹಲ್ಲಿನ ಸೆಟ್ಟೇ ಉಚಿತವೆಂದು ಗೊತ್ತಾಗಿ ಆದ ಸಂಕಟವೇ ದೊಡ್ಡದು. ತಾವು ಪಿಂಚಣಿದಾರರು.

ಕೊನೆಗೆ ಹಲ್ಲಿನ ಗುಂಡಿಗೆ ತಾತ್ಕಾಲಿಕವಾಗಿ ಬಿಳಿ ಸಿಮೆಂಟು ತುಂಬಿ, ಮುಂದಿನ ವಾರ ಬರಲು ಹೇಳಿದರು. ಅಲ್ಲೇ ಎಡವಟ್ಟಾದದ್ದು. ಆ ಸಿಮೆಂಟನ್ನು ಕಲಸುವುದು ಜಿಂಕ್ ಆಕ್ಸೈಡ್ ಪುಡಿಗೆ ಲವಂಗದ ಅದೇ ಯೂಜಿನಾಲ್ ಸೇರಿಸಿ. ಲವಂಗಪ್ಪನವರ ಮೂಗು ಸುಮ್ಮನಿರುತ್ತದೆಯೇ? "ಇದು ಲವಂಗ ಅಲ್ಲೇನವ್ವಾ?" ಎಂದು ಕೇಳಿದರು. ಹುಡುಗಿ ಸತ್ಯ ಹೇಳಿಬಿಟ್ಟಳು.

ಅಂದಿನಿಂದ ಅವರನ್ನು ಹಿಡಿಯುವವರಿಲ್ಲ. ಇಷ್ಟು ದೊಡ್ಡ ಕಾಲೇಜಿನವರೂ ಕಡೆಗೆ ತಮ್ಮ ಡಬ್ಬಿಯ ಮದ್ದಿಗೇ ಬಂದರೆಂದು ಮಂಡಕ್ಕಿ ಅಂಗಡಿಯಲ್ಲಿ ಭಾಷಣ ನಡೆದಿದೆ. ನೋವಿಲ್ಲ, ಮುಂದಿನ ವಾರ ಬಂತು, ಹೋಯಿತು. ಹುಡುಗಿ ದಿನಾ ಗೇಟಿನ ಹತ್ತಿರ ನಿಂತು ಕರೆಯುತ್ತಾಳೆ, ಅಜ್ಜ ಹಿತ್ತಲ ಬಾಗಿಲಿನಿಂದ ವಾಕಿಂಗ್ ಹೋಗುತ್ತಾರೆ.

ದಾವಣಗೆರೆಯ ಓದುಗರಲ್ಲಿ ಒಂದು ಕೋರಿಕೆ. ಜೇಬಿನಲ್ಲಿ ತಗಡಿನ ಡಬ್ಬಿ ಇಟ್ಟುಕೊಂಡ ಹಿರಿಯರೊಬ್ಬರು ನಿಮಗೆಲ್ಲಾದರೂ ಸಿಕ್ಕರೆ ದಯವಿಟ್ಟು ಹೇಳಿ: ಆ ಸಿಮೆಂಟು ಕೆಲವೇ ವಾರದ್ದು, ಸವೆದು ಬಿದ್ದರೆ ಕೀವು ಮತ್ತೆ ಬರುತ್ತದೆ. ಕಾಲುವೆ ಮುಚ್ಚಿ ಕ್ಯಾಪ್ ಹಾಕಿಸದಿದ್ದರೆ ಮುಂದಿನ ಚಕ್ಕುಲಿಗೆ ಹಲ್ಲೇ ಸೀಳುತ್ತದೆ. ಹುಡುಗಿಯ ಪುಸ್ತಕದಲ್ಲಿ ಒಂದು ಸಹಿ ಬಾಕಿ ಇದೆ, ಪರೀಕ್ಷೆ ಹತ್ತಿರ ಬಂದಿದೆ.