ಇನ್ನೆರಡು ಸಾವಿರದ ಕಾಕಾ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಏನಾದರೂ ಕೊಳ್ಳಬೇಕೆಂದರೆ ದುಡ್ಡು ಬೇಕು. ಅದಕ್ಕೂ ಮೊದಲು ಕಾಕಾರ ಒಪ್ಪಿಗೆ ಬೇಕು. ಇಂಥವರು ಪ್ರತಿ ಓಣಿಗೂ ಒಬ್ಬರಿರುತ್ತಾರೆ. ಕೂಲರಿಗೆ ಖಸ್ ಪ್ಯಾಡ್ ಒಳ್ಳೆಯದೋ ಹನಿಕೋಂಬೋ, ತೊಗರಿಬೇಳೆಯನ್ನು ಈ ವಾರ ತುಂಬಿಸಬೇಕೋ ಮುಂದಿನ ವಾರವೋ, ಬೀದರದ ವರ ವಾಸಿಯೋ ರಾಯಚೂರಿನವನೋ, ಎಲ್ಲಕ್ಕೂ ಅವರ ಹತ್ತಿರ ತೀರ್ಪು ಸಿದ್ಧ. ಫೀಸು ಏನೂ ಇಲ್ಲ. ಒಂದು ಪ್ಲೇಟು ಸುಸಲಾ, ಮಿರ್ಚಿ ಭಜಿ, ಮೇಲೊಂದು ಚಹಾ. ಸಲಹೆ ಉದ್ದವಾದರೆ ಇನ್ನೊಂದು ಚಹಾ. ಸಲಹೆ ಉದ್ದವಾಗದೆ ಇದ್ದದ್ದಿಲ್ಲ.

ನಮ್ಮ ಪಾಲಿಗೆ ಬಂದ ಕಾಕಾರ ಖಾಸಾ ಖಾತೆ ಕ್ಯಾಮೆರಾ. ಹುಡುಗರಾಗಿದ್ದಾಗ ಅವರ ಕೈಯಲ್ಲಿದ್ದದ್ದು ವಡೋದರೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ರೋಲಿಗೆ 12 ಚಿತ್ರ, ಒಂದೂ ಹೆಚ್ಚಿಲ್ಲ. ಆಮೇಲೆ ಬಂದದ್ದು ಯಾಶಿಕಾ ಎಫ್‌ಎಕ್ಸ್-3. ಅದು ಇಂದಿಗೂ ಚರ್ಮದ ಕೇಸಿನೊಳಗೆ, ಅಲಮಾರಿಯಲ್ಲಿ, ಕಾಕು ಅವರ ಇಳಕಲ್ ಸೀರೆಗಳ ನಡುವೆ ಇದೆ. ಸೀರೆ ತೆಗೆಯಲು ಕಾಕು ಕೈ ಹಾಕಿದರೂ "ಹಗೂರ!" ಎಂಬ ಕೂಗು ಹೊರಗಿನ ಕಟ್ಟೆಯಿಂದ ಕೇಳಿಸುತ್ತದೆ.

ಇವರ ಕೈಗೆ ಸಿಕ್ಕವಳು ನನ್ನ ತಂಗಿಯ ಮಗಳು. ಊರು ಕಮಲಾಪುರ, ಆಗ ಪಿಯುಸಿ ಮೊದಲ ವರ್ಷ. ಅಜ್ಜಿ ಕೊಟ್ಟದ್ದು, ಹಬ್ಬಕ್ಕೆ ಬಂದದ್ದು, ಅಪ್ಪನ ಬಾಳೆತೋಟದಲ್ಲಿ ಲೆಕ್ಕ ಬರೆದು ಗಳಿಸಿದ್ದು ಎಲ್ಲ ಕೂಡಿಸಿ 18,000 ರೂಪಾಯಿ ಮಾಡಿಕೊಂಡು ಬಂದು, "ಮಾಮಾ, ಒಂದು ಕ್ಯಾಮೆರಾ ಕೊಡಸ್ರಿ" ಅಂದಳು. ನನಗೆ ಕ್ಯಾಮೆರಾದ ಗಂಧಗಾಳಿ ಇಲ್ಲ. ಐಎಸ್‌ಒ ಅಂದರೆ ಮಿಕ್ಸರ್ ಮೇಲಿನ ಐಎಸ್‌ಐ ಮಾರ್ಕಿನ ತಮ್ಮನಿರಬೇಕು ಅನ್ನುವಷ್ಟು ಪಾಂಡಿತ್ಯ. ಹೀಗಾಗಿ ಕಾಕಾ ಬಂದರು. ಕರೆಯಬೇಕಾಗಲಿಲ್ಲ, ಕ್ಯಾಮೆರಾ ಅನ್ನುವ ಮೂರಕ್ಷರ ಗೋಡೆ ದಾಟಿದ್ದೇ ಸಾಕಾಯಿತು.

ಅಂಗಡಿಗೆ ಹೊರಟಾಗ ಅವರ ಕೈಯಲ್ಲೊಂದು ಬಟ್ಟೆಯ ಚೀಲ. ಒಳಗೆ ಕಮಲಾಪುರದ ಕೆಂಪು ಬಾಳೆಹಣ್ಣು, ಒಂದೇ ಒಂದು. ಭೌಗೋಳಿಕ ಸೂಚಿ ಪಡೆದ ಆ ಹಣ್ಣಿನ ಸಿಪ್ಪೆ ಪೂರಾ ಕೆಂಪಲ್ಲ, ಪೂರಾ ಕಂದೂ ಅಲ್ಲ; ಅದನ್ನು ಖರೇ ಬಣ್ಣದಲ್ಲಿ ತೋರಿಸುವ ಕ್ಯಾಮೆರಾವೇ ಕ್ಯಾಮೆರಾ ಎಂಬುದು ಅವರ ಸಿದ್ಧಾಂತ. ಅಂಗಡಿಯ ಗಾಜಿನ ಕೌಂಟರಿನ ಮೇಲೆ ಕರವಸ್ತ್ರ ಹಾಸಿ ಹಣ್ಣನ್ನು ಇಟ್ಟು, "ಒಂದೊಂದರಾಗೂ ತಗದು ತೋರಸ್ರಿ" ಅಂದರು. ಅಂಗಡಿಯವರು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಒಂದರಲ್ಲಿ ಹಣ್ಣು ಕಿತ್ತಳೆಯಾಯಿತು, ಇನ್ನೊಂದರಲ್ಲಿ ಬದನೆಕಾಯಿ. "ಕಾಕಾರೇ, ಇದು ಮ್ಯಾಲಿನ ಟ್ಯೂಬ್‌ಲೈಟಿನ ಬಣ್ಣ, ವೈಟ್ ಬ್ಯಾಲೆನ್ಸ್ ಬದಲಿ ಮಾಡಿದ್ರ ಸರಿ ಆಗ್ತದ" ಎಂದು ಅವರು ತಿಳಿಸಿ ಹೇಳಿದರೆ, "ಹಂಗಾದ್ರ ಬಿಸಿಲಾಗ ನೋಡಾಮು" ಎಂದು ಕಾಕಾ ಹಣ್ಣು, ಕ್ಯಾಮೆರಾ, ಅಂಗಡಿಯ ಹುಡುಗ ಮೂವರನ್ನೂ ಹೊರಗೆ ಕರೆದೊಯ್ದರು. ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಸ್ಕ್ರೀನಿನಲ್ಲಿ ಏನೂ ಕಾಣಲಿಲ್ಲ. ನೆರಳು ಹುಡುಕುತ್ತ ನಾಲ್ಕು ಅಂಗಡಿ ಆಚೆ ಹೋದರು. ತಿರುಗಿ ಬಂದಾಗ ಹಣ್ಣಿರಲಿಲ್ಲ. "ಅಜ್ಜಾರು ಹಿಡಕೋ ಅಂದ್ರು, ನಾ ತಿನ್ನು ಅಂದಂಗ ಕೇಳ್ದೆ" ಅಂದ ಹುಡುಗ, ಸಿಪ್ಪೆಯನ್ನು ಮಾತ್ರ ಜೋಪಾನವಾಗಿ ತಂದಿದ್ದ. ಸಾಕ್ಷಿಯೇ ಹೊಟ್ಟೆ ಸೇರಿದ ಮೇಲೆ ವಿಚಾರಣೆ ನಡೆಯುವುದೆಲ್ಲಿ? ಅವತ್ತಿನ ಖರೀದಿ ಮುಂದಕ್ಕೆ ಹೋಯಿತು.

ಮುಂದಿನ ಸಲ ಹಣ್ಣಿರಲಿಲ್ಲ, ಆದರೆ ಬಾಯಿತ್ತು. "ನೋಡವಾ, ಇನ್ನೆರಡು ಸಾವಿರ ಹಾಕಿದ್ರ ಇದರ ಮ್ಯಾಲಿನ ಮಾಡೆಲ್ ಬರ್ತದ." ಹುಡುಗಿ ನನ್ನ ಮುಖ ನೋಡಿದಳು, ನಾನು ಪಾಕೀಟು ನೋಡಿಕೊಂಡೆ. "ಅದಕ್ಕ ಇನ್ನೆರಡು ಸಾವಿರ ಹಾಕಿದ್ರ ಸ್ಕ್ರೀನ್ ತಿರಗ್ತದ." ಇನ್ನೆರಡು ಹಾಕಿದರೆ ಎರಡು ಲೆನ್ಸು. ಇನ್ನೆರಡಕ್ಕೆ ಮಿರರ್‌ಲೆಸ್ಸು. ಚಹಾ ಮುಗಿಯುವಷ್ಟರಲ್ಲಿ ಎರಡೆರಡು ಸಾವಿರದ ಮೆಟ್ಟಿಲು ಹತ್ತಿ 36×24 ಮಿಲಿಮೀಟರಿನ ಫುಲ್ ಫ್ರೇಮ್ ತಲುಪಿದ್ದೆವು. ಆ ದುಡ್ಡಿಗೆ ಕರುವಿನ ಸಮೇತ ಎಮ್ಮೆ ಬರುತ್ತಿತ್ತು. ಅಷ್ಟೆತ್ತರದಲ್ಲಿ ನಿಂತು ಕಾಕಾ ತೀರ್ಪು ಕೊಟ್ಟರು: "ಈಗ ತಗೋಬ್ಯಾಡ. ದೀಪಾವಳಿಗಿ ರೇಟ್ ಇಳೀತದ." ದೀಪಾವಳಿಗೆ ಕೇಳಿದರೆ "ಹೊಸ ಮಾಡೆಲ್ ಬರ್ಲಾಕತ್ತದ, ತಡಿ." ಹುಡುಗಿ ಪಿಯುಸಿ ಎರಡನೇ ವರ್ಷಕ್ಕೆ ಬಂದಳು, ಕ್ಯಾಮೆರಾ ಬರಲಿಲ್ಲ.

ಸಿಟ್ಟು ಬರುತ್ತದೆ. ಆದರೆ ಕಾಕಾ ಹೇಳುವುದು ಸುಳ್ಳಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಫೋನಿನಾಗ 108 ಮೆಗಾಪಿಕ್ಸೆಲ್ ಅದಾವ, 18ರ ಕ್ಯಾಮೆರಾ ಯಾಕ?" ಎಂದು ನಾನೇ ಜಾಣತನ ತೋರಿಸಿದಾಗ ಅವರು, "ಮಳಿ ನೀರು ಹಿಡೀಲಾಕ ಬಟ್ಟಲಾ ಇಡ್ತೀಯೋ, ಕೊಪ್ಪರಿಗಿ ಇಡ್ತೀಯೋ?" ಎಂದು ಸೆನ್ಸಾರಿನ ಅಳತೆಯ ಗುಟ್ಟನ್ನು ಒಂದೇ ಮಾತಿನಲ್ಲಿ ಬಿಡಿಸಿಟ್ಟರು. ನಿಜಾಮರ ಆಸ್ಥಾನದ ಫೋಟೋಗ್ರಾಫರ್ ರಾಜಾ ದೀನದಯಾಳರು ಗಾಜಿನ ಪ್ಲೇಟು ಹೊತ್ತು ತಿರುಗಿದ ಕಥೆಯನ್ನು ಅವರು ಶುರು ಮಾಡಿದರೆ ಹುಡುಗಿ ಎದ್ದು ಹೋಗುವುದಿಲ್ಲ.

ಕೊನೆಗೆ ದಾರಿ ಕಂಡುಕೊಂಡವಳು ಅವಳೇ. ಈಗ ಮದುವೆ ಫೋಟೋದವರೆಲ್ಲ ಮಿರರ್‌ಲೆಸ್ಸಿಗೆ ಹೊರಳಿದ್ದಾರೆ. ಅವರ ಹಳೆಯ ಡಿಎಸ್‌ಎಲ್‌ಆರ್‌ಗಳು ಅಗ್ಗಕ್ಕೆ ಬಿಕರಿಯಾಗುತ್ತವೆ. ಕಮಲಾಪುರದಲ್ಲೇ ಅಂಥವರೊಬ್ಬರ ಹತ್ತಿರ 2014ರಲ್ಲಿ ಬಂದ ಮಾಡೆಲ್, ಕೆನಾನ್ 1200ಡಿ, 18-55ರ ಲೆನ್ಸಿನೊಂದಿಗೆ 14,500ಕ್ಕೆ ಮಾತಾಡಿಕೊಂಡಳು. ದರ ಗಟ್ಟಿ ಮಾಡಿಕೊಂಡ ಮೇಲೆ ಕಾಕಾರಿಗೆ ಫೋನು: "ಮುತ್ಯಾ, ಯಾವುದು ಅಂತ ಕೇಳಂಗಿಲ್ಲ. ಇದು ಚಲೋ ಅದನೋ ಇಲ್ಲೋ ನೋಡ್ರಿ, ಅಷ್ಟೇ."

ಕಾಕಾರ ನಿಜವಾದ ವಿದ್ಯೆ ನಾನು ಕಂಡದ್ದು ಅವತ್ತು. ಲೆನ್ಸ್ ಬಿಚ್ಚಿ ಹಿಂದಿನಿಂದ ಟಾರ್ಚ್ ಬಿಟ್ಟು, ಒಳಗೆ ಜೇಡನ ಎಳೆಯಂಥ ಫಂಗಸ್ ಇದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. "ನಮ್ಮೂರ ಬಿಸಿಲಿಗಿ ಫಂಗಸ್ಸೂ ಬದಕಂಗಿಲ್ಲ, ಮಂಗಳೂರಿಂದ ಬಂದದ್ದಿದ್ರ ಹುಷಾರಿರಬೇಕು." ಜೂಮ್ ರಿಂಗ್ ತಿರುಗಿಸಿ ಕಿವಿಗೆ ಹಿಡಿದು ಮಣ್ಣಿನ ಕರಕರ ಕೇಳಿದರು. ಅಪರ್ಚರ್ 16ಕ್ಕೆ ಇಟ್ಟು, ಬಿಳಿ ಗೋಡೆಯನ್ನು ಫೋಕಸ್ ತಪ್ಪಿಸಿ ತೆಗೆದರು. ಚಿತ್ರ ಹಿಗ್ಗಿಸಿದಾಗ ಮೂಲೆಯಲ್ಲಿ ಎರಡು ಕಪ್ಪು ಚುಕ್ಕೆ. ಸೆನ್ಸಾರಿನ ಮೇಲಿನ ಧೂಳು. ಬೆಲೆ 500 ಇಳಿಯಿತು. ಕಾಕಾ ಎದುರಿಗಿದ್ದೂ ಒಂದು ವಸ್ತುವಿನ ಬೆಲೆ ಇಳಿದದ್ದು ನಮ್ಮ ಮನೆತನದಲ್ಲಿ ಅದೇ ಮೊದಲು.

ಆಮೇಲೂ ಅವರು ಕ್ಯಾಮೆರಾ ಕೆಳಗಿಡಲಿಲ್ಲ. ಅದೇ ಗೋಡೆ, ಮತ್ತೆ ಅದೇ ಗೋಡೆ, ಟಪ್ ಟಪ್ ಎಂದು ತೆಗೆಯುತ್ತಲೇ ಇದ್ದರು. "ಇದಕ್ಕ ರೋಲಿನ ಖರ್ಚಿಲ್ಲಲ್ಲ" ಅಂದರು, ಯಾರಿಗೆಂದು ಗೊತ್ತಾಗಲಿಲ್ಲ. ರೋಲು ಕೊಳ್ಳಬೇಕು, ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ಶರಣಬಸವೇಶ್ವರ ಜಾತ್ರೆಗೆ ಹಾಕಿದ 36ರ ರೋಲು ದಸರೆಗೆ ಮುಗಿಯುತ್ತಿದ್ದ ಕಾಲ ಅವರದು. ಒಂದು ತಪ್ಪು ಕ್ಲಿಕ್ಕಿಗೂ ದುಡ್ಡು, ತಪ್ಪು ಕ್ಯಾಮೆರಾ ಕೊಂಡರೆ ಇಪ್ಪತ್ತು ವರ್ಷದ ಶಿಕ್ಷೆ. ಹಾಗಾಗಿ ಮೊದಲನೇ ಕ್ಯಾಮೆರಾವನ್ನೇ ಕೊನೆಯದೆಂಬಂತೆ ಕೊಳ್ಳಬೇಕೆಂಬ ಭಯ ಅವರ ಎಲುಬಿಗಿಳಿದಿದೆ. ಆ ಭಯಕ್ಕೆ ನಾವು ಸಲಹೆ ಅಂತ ಹೆಸರಿಟ್ಟು ಚಹಾ ಕುಡಿಸುತ್ತ ಬಂದಿದ್ದೇವೆ.

ಮೊನ್ನೆ ಹುಡುಗಿ ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯ ಚಿತ್ರ ತಂದು ತೋರಿಸಿದಳು. 1367ರ ಆ ಕಟ್ಟಡಕ್ಕೆ ಬಯಲಂಗಳವಿಲ್ಲ, ಪೂರ್ತಿ ಚಾವಣಿ, ಒಳಗೆ ಮಬ್ಬು. "ಕಿಟ್ ಲೆನ್ಸ್ ಅಲ್ಲಿ ಕೈ ಕೊಡ್ತದ, 50ರ 1.8 ಬೇಕು" ಎಂದು ಕಾಕಾ ಮೊದಲೇ ಎಚ್ಚರಿಸಿದ್ದರು. ಅವಳು ಕ್ಯಾಮೆರಾವನ್ನು ಕಂಬಕ್ಕೆ ಒತ್ತಿ ಹಿಡಿದು, ಉಸಿರು ಕಟ್ಟಿ ತೆಗೆದಿದ್ದಳು. ಹತ್ತರಲ್ಲಿ ಎಂಟು ಅಲುಗಿದ್ದವು. ಎರಡು ನಿಂತಿದ್ದವು. ಕಾಕಾ ಬಹಳ ಹೊತ್ತು ನೋಡಿ, ಎಂಟನ್ನೂ ಅಳಿಸಬೇಡ ಅಂದರು.

ಮಕ್ಕಳಿಗೆ ಕ್ಯಾಮೆರಾ ಕೊಡಿಸಲು ಹೊರಟವರಿಗೆ ನನ್ನ ಮಾತು ಇಷ್ಟೇ: ಇದ್ದ ದುಡ್ಡಿನೊಳಗೆ, ಬಳಸಿದ್ದಾದರೂ ಸರಿ, ಈ ವರ್ಷವೇ ಕೊಡಿಸಿ. ಮೆಮೊರಿ ಕಾರ್ಡಿಗೂ ಚೀಲಕ್ಕೂ ಒಂದಿಷ್ಟು ಉಳಿಸಿಕೊಳ್ಳಿ. ನಿಮ್ಮ ಓಣಿಯ ಕಾಕಾರನ್ನು ಕರೆಯದೆ ಇರಬೇಡಿ, ಆದರೆ ದರ ಗಟ್ಟಿಯಾದ ಮೇಲೆ ಕರೆಯಿರಿ. ಸುಸಲಾ, ಭಜಿ, ಚಹಾದ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಸೇರಿಸಿರಿ.