ವಾಕಿಂಗೂ ಪತ್ರೊಡೆಯೂ

ಕುಂದಾಪುರದ ಕಡೆಯ ಹಳ್ಳಿಗಳಲ್ಲಿ ಸುಮ್ಮನೆ ನಡೆಯುವವರನ್ನು ಯಾರೂ ನಂಬುವುದಿಲ್ಲ. ಕೈಯಲ್ಲಿ ಚೀಲವಿದ್ದರೆ ಪೇಟೆಗೆ, ಕತ್ತಿಯಿದ್ದರೆ ತೋಟಕ್ಕೆ, ಗರಿಗರಿ ಪಂಚೆಯಿದ್ದರೆ ಮದುವೆಗೆ. ಏನೂ ಇಲ್ಲದೆ ಬೂಟು ಹಾಕಿಕೊಂಡು ಬೀಸಾಗಿ ನಡೆದರೆ, "ಹ್ವಾಯ್, ಬಸ್ ತಪ್ಪಿತಾ?" ಎಂದು ಬೈಕ್ ನಿಲ್ಲಿಸಿ ಹತ್ತಿಸಿಕೊಂಡೇ ಬಿಡುತ್ತಾರೆ. ವಾಕಿಂಗಿನ ಅರ್ಧ ಹೀಗೆ ಬೈಕಿನ ಮೇಲೆಯೇ ಮುಗಿಯುತ್ತದೆ.

ಉಳಿದರ್ಧಕ್ಕೆ ಅಂಗಳಗಳ ಕಾಟ. ಮಳೆಗಾಲವೆಂದರೆ ಕೆಸುವಿನೆಲೆಯ ಕಾಲ. ಎಲೆಗೆ ಹುಳಿ-ಖಾರದ ಅಕ್ಕಿಹಿಟ್ಟು ಸವರಿ, ಒಂದರ ಮೇಲೊಂದಿಟ್ಟು ಸುರುಳಿ ಸುತ್ತಿ ಬೇಯಿಸಿದ ಪತ್ರೊಡೆ, ಮರುದಿನ ಬಿಲ್ಲೆಬಿಲ್ಲೆಯಾಗಿ ತೆಂಗಿನೆಣ್ಣೆಯಲ್ಲಿ ಹುರಿದಾಗಲೇ ಅದರ ನಿಜರೂಪ ದರ್ಶನ. ಆ ಪರಿಮಳ ಬೇಲಿ ದಾಟಿ ರಸ್ತೆಗೆ ಬಂದಮೇಲೆ ಕಾಲು ಮುಂದೆ ಹೋಗುವುದುಂಟೇ?

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ದಾರಿಯ ಮಾತೆಲ್ಲ ಒಣಮೀನಿನದ್ದು. ಆಗಸ್ಟಿನಲ್ಲಿ ಬಂಗುಡೆಯ ದರ ಕೇಳದೆ ಯಾರೂ ಕುಶಲ ವಿಚಾರಿಸುವುದಿಲ್ಲ.

ಮರವಂತೆಯಲ್ಲಿ ಹೆದ್ದಾರಿ 66ರ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕೆ. ಪ್ರವಾಸಿಗಳು ಎರಡೂ ಕಡೆ ತಿರುಗಿ ಫೋಟೊ ಹೊಡೆಯುತ್ತಾರೆ. ಊರವರ ಕಣ್ಣು ಮಾತ್ರ ಗೋಳಿಬಜೆಯ ಬಾಣಲೆಯ ಮೇಲೆ.

ತೂಕ ಇಳಿಯಬೇಕಾದರೆ ನೆಂಟರಿಲ್ಲದ ಊರಲ್ಲಿ ನಡೆಯಬೇಕು. ಆದರೆ ಇಲ್ಲಿ ಅಪರಿಚಿತರೊಡನೆಯೂ ಮೂರನೆಯ ಮಾತಿಗೆ ದೊಡ್ಡಮ್ಮನ ನಾದಿನಿಯ ಮನೆತನ ಹೊರಡುತ್ತದೆ. ನಾಲ್ಕನೆಯದಕ್ಕೆ ಒಳಗೆ ನೀರ್‌ದೋಸೆಯ ಕಾವಲಿ "ಚುಂಯ್" ಎನ್ನುತ್ತದೆ.